ಕಿರುಬೆರಳು ಹೋಗುವಷ್ಟು

ಹೆಣಿಗೆ ಕುತ್ತಿಗೆಯ ನಡುಮಧ್ಯಕ್ಕೆ ಬರುವ ಹೊತ್ತಿಗೆ ಕುದುರೆ ರೇಶ್ಮಾ ಎರಡೂ ಕಿವಿಗಳನ್ನು ಹಿಂದಕ್ಕೆ ಮಡಚಿತು. ಅದರ ಕುತ್ತಿಗೆಗೂದಲಿನ ಜೂಲು ಹೆಣೆಯುತ್ತಿದ್ದ ಮೆಹಬೂಬಸಾಬನಿಗೆ ಅದು ಕಾಣಲಿಲ್ಲ. ಅವನ ಕಣ್ಣು ಕೈಯಲ್ಲಿದ್ದ ಮೂರು ಎಳೆಗಳ ಮೇಲಿತ್ತು. ಕಂಡದ್ದು ಲಗಾಮು ಹಿಡಿದು ಎದುರಿಗೆ ನಿಂತಿದ್ದ ಮಗಳು ಮೆಹರುನಬಿಗೆ. ಬೆನ್ನ ಹಿಂದೆ ಲಾರಿ ಹಾರ್ನ್ ಹೊಡೆದರೂ, ಮದುವೆ ಮೆರವಣಿಗೆಯಲ್ಲಿ ಕಾಲಬುಡದಲ್ಲೇ ಪಟಾಕಿ ಸಿಡಿದರೂ ಕಿವಿ ಮಡಚುವ ಜಾತಿಯ ಕುದುರೆ ಅದಲ್ಲ.

"ಏ, ನೆಟ್ಟಗ ನಿಂದರವಾ," ಎಂದು ಮೆಹಬೂಬಸಾಬ ಕುದುರೆಯ ಭುಜಕ್ಕೆ ಮೊಣಕೈಯಿಂದ ಮೆಲ್ಲಗೆ ತಿವಿದ. "ಮದಲಗಿತ್ತಿ ಸೈತ ಇಷ್ಟು ನಖರಾ ಮಾಡೂದಿಲ್ಲ."

"ಅಬ್ಬಾ, ಅಕಿಗೆ ನೋಯಾಕತ್ತೈತೇನೋ," ಅಂದಳು ಮೆಹರುನಬಿ.

"ನೋಯೂದ್ಯಾಕ? ನನ್ನ ಕೈ ಏನು ಇವತ್ತ ಹೊಸಾದೇನ ಅಕಿಗೆ?"

ಮನೆಯೊಳಗೆ ಉರ್ದು, ಲಾಯಕ್ಕೆ ಬಂದರೆ ಕನ್ನಡ, ಇದು ಆ ಮನೆಯ ರೂಢಿ. ಕುದುರೆಗೆ ಉರ್ದು ತಿಳಿಯುವುದಿಲ್ಲ, ಅದರ ಎದುರಿಗೆ ಅದಕ್ಕೆ ತಿಳಿಯದ ಮಾತಾಡಿದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತದೆ ಎಂದು ಮೆಹಬೂಬಸಾಬನ ವಾದ. ಮನುಷ್ಯರ ಮನಸ್ಸಿನ ಬಗ್ಗೆ ಅವನು ಅಷ್ಟು ಯೋಚಿಸಿದ್ದನ್ನು ಯಾರೂ ಕಂಡಿಲ್ಲ.

ದಸರಾ ಮುಗಿದು ಚಳಿ ಕಾಲಿಡುವ ದಿನಗಳು. ಕಿತ್ತೂರಿನ ಕೋಟೆಯ ಹೊರಗಿನ ಬಯಲಿನಲ್ಲಿ ಆಗಷ್ಟೇ ಬೆಳಕು ಹರಿಯುತ್ತಿತ್ತು. ಕುದುರೆ ಸಾಕಿದವರ ಮಂಡಳಿಯೊಂದು ವರ್ಷಕ್ಕೊಮ್ಮೆ ಅಲ್ಲಿ ಸಿಂಗಾರದ ಕುದುರೆಗಳ ಸ್ಪರ್ಧೆ ಇಡುತ್ತಿತ್ತು. ಓಟದ ಶರ್ಯತ್ತಲ್ಲ. ಮೈ ಹೇಗೆ ತಿಕ್ಕಿದ್ದಾರೆ, ಗೊರಸು ಹೇಗೆ ಇಟ್ಟುಕೊಂಡಿದ್ದಾರೆ, ಜೂಲು ಹೇಗೆ ಹೆಣೆದಿದ್ದಾರೆ, ಇಷ್ಟನ್ನೇ ನೋಡಿ ಗೆದ್ದ ಕುದುರೆಯ ಎದೆಗೆ ಹಸಿರು ಪಟ್ಟಿ ಕಟ್ಟುತ್ತಿದ್ದರು. ಬೈಲಹೊಂಗಲದ ಟಾಂಗಾ ಮೆಹಬೂಬಸಾಬ ಆ ಪಟ್ಟಿಯನ್ನು ಎಷ್ಟು ಸಲ ಒಯ್ದಿದ್ದನೆಂದರೆ, ಉಳಿದವರು ಎರಡನೆಯ ಬಹುಮಾನದ ಆಸೆಗೇ ಬರುತ್ತಿದ್ದರು.

ಹೆಸರಿಗೆ ಟಾಂಗಾ ಮೆಹಬೂಬಸಾಬ, ಅಷ್ಟೆ. ಬಸ್ ಸ್ಟ್ಯಾಂಡಿನ ಎದುರು ಆಟೋಗಳು ಸಾಲುಗಟ್ಟಿದ ಮೇಲೆ ಟಾಂಗಾ ಹತ್ತುವವರು ಇಲ್ಲವಾದರು. ಗಾಡಿ ಹಿತ್ತಲಿನ ಗೋಡೆಗೆ ಒರಗಿತು, ಅದರ ಮೇಲೆ ಮನೆಯ ಕೋಳಿಗಳು ಸಂಸಾರ ಹೂಡಿದವು. ಕುದುರೆ ಮಾತ್ರ ಉಳಿಯಿತು, ಅದೂ ಮದುವೆಗಳಿಂದಾಗಿ. ಕಿತ್ತೂರಿನಲ್ಲಿ ಪಟ್ಟಿ ಗೆದ್ದ ಕುದುರೆಯ ಮೇಲೆ ಮದುಮಗ ಕೂತರೆ ಬೀಗರೆದುರು ಮಾತೇ ಬೇರೆ. ಸಂಗೊಳ್ಳಿಯಿಂದ ಸಿರಸಂಗಿಯವರೆಗೂ ಕರೆ ಬರುತ್ತಿತ್ತು. ಮಗ ನಾಸಿರ ಟೆಂಪೊ ಹೊಡೆಯುತ್ತಿದ್ದ. ಕೆಟ್ಟವನಲ್ಲ, ಆದರೆ ಮನೆ ನಡೆಸುವ ಭಾರ ಮೈಮೇಲೆ ಬಿದ್ದಮೇಲೆ ಮಾತು ಚಿಕ್ಕದಾಗಿತ್ತು.

"ನೋಡ್ರಿ ಅಬ್ಬಾ," ಎಂದು ಈ ಸಲ ಅವನು ನೇರವಾಗಿಯೇ ಹೇಳಿದ್ದ. "ಪಟ್ಟಿ ಬಂದ್ರ ಇರಲಿ, ಇನ್ನೊಂದ ವರ್ಷ ಹೆಂಗರೆ ಸಾಕೂಣು. ಬರಲಿಲ್ಲಂದ್ರ ಸವದತ್ತಿ ಶಂಕರೆಪ್ಪಗ ಕೊಟ್ಟಬಿಡೂಣು. ಆಂವಾ ಬಾಳ ದಿನದಿಂದ ಕೇಳಾಕತ್ತಾನು."

ಶಂಕರೆಪ್ಪ ಸವದತ್ತಿಯ ದೇವಿಯ ಗುಡ್ಡಕ್ಕೆ ಬರುವ ಭಕ್ತರನ್ನು ಕುದುರೆಗಾಡಿಯಲ್ಲಿ ಏರಿಸಿ ಇಳಿಸುವವನು. ಆ ಏರು ಗೊತ್ತಿದ್ದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ವಯಸ್ಸು ಇಳಿದ ಹೆಣ್ಣುಗುದುರೆ ಆ ಗಾಡಿಗೆ ಕೊರಳು ಕೊಟ್ಟರೆ ಎರಡು ಬೇಸಿಗೆ ಕಳೆಯುವುದು ಕಷ್ಟ.

"ಆತು, ಬರಲಿಲ್ಲಂದ್ರ ಕೊಡೂಣು. ಆದ್ರ ಪಟ್ಟಿ ಬರತೈತಿ. ನೀ ನಿನ್ನ ಟೆಂಪೊ ನೋಡಿಕೋ," ಎಂದಿದ್ದ ಮೆಹಬೂಬಸಾಬ.

ಬರಬಹುದಿತ್ತು ಕೂಡ, ಅವನ ಬೆರಳುಗಳು ಮೊದಲಿನಂತೆ ಇದ್ದಿದ್ದರೆ.

ಮೆಹರುನಬಿಗೆ ಅದು ಗೊತ್ತಾದದ್ದು ಬೇಸಿಗೆಯಲ್ಲಿ. ಒಂದು ಮಧ್ಯಾಹ್ನ ಒಲೆಯ ಮೇಲೆ ಕುದಿಯುತ್ತಿದ್ದ ಹುರುಳಿಯ ಪಾತ್ರೆಯನ್ನು ಅಪ್ಪ ಬರಿಗೈಯಲ್ಲಿ ಎತ್ತಿ, ಲಾಯದವರೆಗೂ ಹೊತ್ತೊಯ್ದು, ನಿಧಾನವಾಗಿ ನೆಲಕ್ಕಿಟ್ಟದ್ದನ್ನು ಕಂಡು ಅವಳು ಕೂಗಿಕೊಂಡಿದ್ದಳು. ಅವನು ತಿರುಗಿ, "ಏನಾತ ಬೇಟಾ, ಚೇಳು ಗೀಳು ಕಡೀತೇನು?" ಎಂದು ಗಾಬರಿಯಾದ. ಸಂಜೆ ಬೆರಳುಗಳ ಮೇಲೆ ಬೊಬ್ಬೆ ಎದ್ದವು. ದವಾಖಾನೆಯಲ್ಲಿ ಸಕ್ಕರೆ ಬೇನೆ ಎಂದರು. ಹಳೆಯದಾಗಿದೆ, ಬೆರಳು ಪಾದಗಳ ಸ್ಪರ್ಶ ಹೋಗಿದೆ, ಹೋದದ್ದು ಬರುವುದಿಲ್ಲ ಎಂದರು. ಮೆಹಬೂಬಸಾಬ ಗುಳಿಗೆಗಳನ್ನು ತಂದು ಗೂಡಿನಲ್ಲಿಟ್ಟ. ಜೋಮು ಹಿಡಿದಿದೆ ಅಷ್ಟೆ, ಚಳಿಗಾಲಕ್ಕೆ ಬಿಡುತ್ತದೆ ಎಂದ. ಆ ಮಾತು ಮತ್ತೆ ಮನೆಯಲ್ಲಿ ಏಳದಂತೆ ನೋಡಿಕೊಂಡ.

ಜೂಲು ಹೆಣೆಯುವುದು ಕಣ್ಣಿನ ಕೆಲಸವಲ್ಲ, ಬೆರಳಿನದು. ದೇಸಾಯರ ಲಾಯದಲ್ಲಿ ದುಡಿದ ತನ್ನ ಅಪ್ಪನಿಂದ ಅವನು ಅದನ್ನು ಕಲಿತಿದ್ದ. ಉಳಿದವರು ಮಗಳ ತಲೆಗೆ ಹಚ್ಚಿದಂತೆ ಕುದುರೆಗೂ ಎಣ್ಣೆ ಹಚ್ಚುತ್ತಾರೆ. ಎಣ್ಣೆ ಕುಡಿದ ಕೂದಲು ಹೆರಳಿನಲ್ಲಿ ನಿಲ್ಲುವುದಿಲ್ಲ. ಮೆಹಬೂಬಸಾಬ ನೀರನ್ನಷ್ಟೇ ಚಿಮುಕಿಸಿ, ಜೂಲನ್ನು ಸಣ್ಣ ಸಣ್ಣ ಪಾಲು ಮಾಡಿ, ಒಂದೊಂದನ್ನೂ ಮೂರೆಳೆಯಾಗಿ ಹೆಣೆದು, ತುದಿ ಮಡಚಿ, ಕೆಂಪು ದಾರದಿಂದ ಬುಡಕ್ಕೆ ಹೊಲಿಯುತ್ತಿದ್ದ. ನೆಲ್ಲಿಕಾಯಿ ಗಾತ್ರದ ಗಂಟುಗಳು ಕಿವಿಯ ಹಿಂದಿನಿಂದ ಹೆಗಲವರೆಗೆ ಒಂದೇ ಗೆರೆಯಲ್ಲಿ ಕೂರುತ್ತಿದ್ದವು. ಹೂವಿಲ್ಲ, ಜರಿಯಿಲ್ಲ. ಪ್ರತಿಯೊಂದು ಗಂಟು ಮುಗಿದಾಗಲೂ ಕಣ್ಣು ಮುಚ್ಚಿ ಅದರ ಬುಡದಲ್ಲಿ ಬೆರಳು ತೂರಿಸಿ ನೋಡುವುದು ಅವನ ಪದ್ಧತಿ. ಕಿರುಬೆರಳು ಹೋಗಬೇಕು, ಅದರ ಪಕ್ಕದ ಬೆರಳು ಹೋಗಬಾರದು. ಅಷ್ಟು ಬಿಗಿಯಾದರೆ ಸಾಕು, ಅದಕ್ಕಿಂತ ಬಿಗಿಯಾದರೆ ಚರ್ಮ ಹಿಡಿಯುತ್ತದೆ.

ಈಗಲೂ ಅವನು ಗಂಟು ಹೊಲಿದು ಕಣ್ಣು ಮುಚ್ಚಿದ. ಕಿರುಬೆರಳನ್ನು ಬುಡಕ್ಕೆ ಒತ್ತಿದ. ಬೆರಳು ಒಳಗೆ ಹೋಗಲಿಲ್ಲ. ಬಿಗಿದ ಕೂದಲಿನ ಮೇಲೆಯೇ ಜಾರಿ, ಉಗುರು ಹಿಂದಕ್ಕೆ ಮಡಚಿಕೊಂಡಿತು.

"ಹೊಕ್ಕತು ನೋಡು," ಎಂದು ಅವನು ಕಣ್ಣು ಬಿಟ್ಟ. ಮುಖದಲ್ಲಿ ಹಿಂದಿನ ವರ್ಷಗಳದೇ ನಗುವಿತ್ತು.

ಮೆಹರುನಬಿ ಲಗಾಮನ್ನು ಇನ್ನೊಂದು ಕೈಗೆ ಬದಲಿಸಿದಳು. "ಅಬ್ಬಾ, ಉಳಿದಾವ ನಾ ಹಾಕಲೇನು? ನಿಮ್ಮ ಟೊಂಕ ಹಿಡಕೊಂಡೈತಿ."

"ನನ್ನ ಟೊಂಕದ ಚಿಂತಿ ನಿನಗ ಬ್ಯಾಡ. ನೀ ಹಣಿಗಿ ತಗೊಂಡ ಬಾಲಾ ಹಿಕ್ಕು."

ಅವಳು ಬಾಯಿಬಿಟ್ಟು ಹೇಳಬಹುದಿತ್ತು. ಬೆರಳು ಹೊಕ್ಕಿಲ್ಲ ಅಬ್ಬಾ, ನಿಮಗೆ ತಿಳಿಯುತ್ತಿಲ್ಲ ಎಂದು ಹೇಳಲು ಎಷ್ಟು ಹೊತ್ತು ಬೇಕು? ಆದರೆ ಅವಳಿಂದ ಆಗಲಿಲ್ಲ, ಅದಕ್ಕೊಂದು ಕಾರಣವಿತ್ತು. ರಾಮದುರ್ಗದಲ್ಲಿ ಗಂಡ ಇನ್ನೊಂದು ನಿಕಾ ಮಾಡಿಕೊಂಡು ಇವಳ ಟ್ರಂಕನ್ನು ಹೊಸ್ತಿಲಾಚೆ ಇಟ್ಟ ದಿನ, ಅವಳು ಬಸ್ಸಿಳಿದು ತವರಿನ ಬಾಗಿಲಲ್ಲಿ ಬಂದು ನಿಂತಿದ್ದಳು. ಓಣಿಯ ಹೆಂಗಸರೆಲ್ಲ ಕಟ್ಟೆಗೆ ಬಂದಿದ್ದರು. ಮೆಹಬೂಬಸಾಬ ಅವಳನ್ನು ನೋಡಿದ, ಟ್ರಂಕನ್ನು ನೋಡಿದ. ಏನಾಯಿತು ಎಂದು ಕೇಳಲಿಲ್ಲ. ಕೈಯಲ್ಲಿದ್ದ ಖರಾರಾ ಬ್ರಷ್ಷನ್ನು ಅವಳ ಕೈಗೆ ಕೊಟ್ಟು, "ಬಂದಿ ಚಲೋ ಆತು, ರೇಶ್ಮಾನ ಮೈ ಬಾಳ ಹೊಲಸಾಗೇತಿ, ತಿಕ್ಕು ಹೋಗು" ಎಂದ. ಅವಳು ಕುದುರೆಯ ಹೊಟ್ಟೆಗೆ ಮುಖವಿಟ್ಟು ಅತ್ತದ್ದನ್ನೂ ಕಾಣದವನಂತೆ ಹುಲ್ಲು ಹಾಕಿದ. ಆಮೇಲೆ ಇಷ್ಟು ವರ್ಷಗಳಲ್ಲಿ ರಾಮದುರ್ಗ ಎಂಬ ಊರಿನ ಹೆಸರನ್ನೇ ಅವನು ಎತ್ತಿರಲಿಲ್ಲ. ತನ್ನ ಸೋಲನ್ನು ನೋಡದೆ ಬಿಟ್ಟವನ ಸೋಲನ್ನು ತಾನು ಹೇಗೆ ತೋರಿಸಲಿ?

ಹೆಗಲ ಕಡೆಯ ಕೊನೆಯ ಗಂಟು ಮುಗಿದಾಗ ಬಿಸಿಲು ಬಂದಿತ್ತು. ಮೆಹಬೂಬಸಾಬ ನಾಲ್ಕು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದ. ನೋಡಲು ಚೆಂದವಾಗಿಯೇ ಇತ್ತು. ನಿಜ ಹೇಳಬೇಕೆಂದರೆ ಎಂದಿಗಿಂತ ಚೆಂದವಾಗಿತ್ತು. ಅಷ್ಟು ಬಿಗಿಯಾಗಿ ಹೊಲಿದದ್ದರಿಂದ ಒಂದು ಕೂದಲೂ ಎದ್ದಿರಲಿಲ್ಲ.

"ನಾ ಹೆಸರ ಬರಸಿ, ಚಾ ಕುಡದ ಬರತೇನಿ. ಕೂಡ್ರಾಕ ಬಿಡಬ್ಯಾಡ ಅಕಿನ್ನ, ಮೈಗೆ ಮಣ್ಣ ಹತ್ತತೈತಿ," ಎಂದು ಹೇಳಿ ಮಂಟಪದ ಕಡೆ ನಡೆದ.

ಅವನು ಹೋದದ್ದೇ ತಡ, ರೇಶ್ಮಾ ಕುತ್ತಿಗೆಯನ್ನು ಬೇವಿನ ಮರದ ಬೊಡ್ಡೆಗೆ ಉಜ್ಜಲು ಹೋಯಿತು. ಮೆಹರುನಬಿ ತಡೆದಳು. ಗಂಟುಗಳ ಬುಡದಲ್ಲಿ ಚರ್ಮ ಸಣ್ಣ ಸಣ್ಣ ಗುಡ್ಡೆಯಾಗಿ ಮೇಲೆದ್ದಿತ್ತು. ಅವಳ ಕಿರುಬೆರಳು ಎಲ್ಲಿಯೂ ಹೊಗಲಿಲ್ಲ. ಸೂಜಿ ದಾರ ಚೀಲದಲ್ಲಿದ್ದವು. ಬಿಚ್ಚಿ ಮತ್ತೆ ಹಾಕಲು ಸಮಯವೂ ಇತ್ತು, ಕೈಗೆ ಆ ಕೆಲಸ ಬರುತ್ತಲೂ ಇತ್ತು. ಊರಲ್ಲಿ ರವಿಕೆ ಹೊಲಿದು ಬದುಕುವವಳಿಗೆ ಇದೇನು ದೊಡ್ಡದು? ಕಿವಿಯ ಹಿಂದಿನ ಗಂಟಿನ ದಾರದ ತುದಿಯನ್ನು ಅವಳು ಹಿಡಿದೂ ಹಿಡಿದಳು. ಆದರೆ ಅಪ್ಪನ ಗಂಟನ್ನು ಅಪ್ಪ ಗುರುತಿಸದೆ ಇರುತ್ತಾನೆಯೇ? ಬಂದು ನೋಡಿ, ಯಾಕೆ ಬಿಚ್ಚಿದೆ ಎಂದು ಕೇಳಿದರೆ ಏನು ಹೇಳುವುದು? ದಾರವನ್ನು ಮೊದಲಿನಂತೆ ಸಿಕ್ಕಿಸಿದಳು.

"ಒಂದ ತಾಸು ತಡಕೋ ನನ್ನವ್ವಾ," ಎಂದು ಕುದುರೆಯ ಹಣೆ ನೀವಿದಳು. "ಒಂದ ತಾಸು. ಆಮ್ಯಾಲ ನಾನ ಬಿಚ್ಚತೇನಿ."

ಕುದುರೆ ಅವಳ ಭುಜದ ಮೇಲೆ ಗದ್ದವಿಟ್ಟು ನಿಂತಿತು.

ಮಂಡಳಿಯ ಹಿರಿಯ ನಿಜಗುಣಪ್ಪ ಮೈಕಿನಲ್ಲಿ ಒಂದೊಂದೇ ಹೆಸರು ಕೂಗುತ್ತಿದ್ದರು. ಕುದುರೆಗಳು ಹಗ್ಗ ಕಟ್ಟಿದ ಅಂಗಳದಲ್ಲಿ ಒಂದು ಸುತ್ತು ಬಂದು ಸಾಲಾಗಿ ನಿಂತವು. ಒಂದರ ಬಾಲಕ್ಕೆ ಪ್ಲಾಸ್ಟಿಕ್ ಗುಲಾಬಿ, ಒಂದರ ಹಣೆಗೆ ಕನ್ನಡಿ, ಧಾರವಾಡದ ಕಡೆಯಿಂದ ಬಂದ ಒಂದಕ್ಕೆ ಕಾಲುಗೆಜ್ಜೆ. ಅವುಗಳ ನಡುವೆ ಬೂದುಬಿಳಿಯ ರೇಶ್ಮಾ ಬರಿಯ ಕೆಂಪು ಗಂಟುಗಳಲ್ಲಿ ನಿಂತಾಗ ಜನ ಅದರತ್ತಲೇ ನೋಡಿದರು. "ಮೆಹಬೂಬಸಾಬರ ಕೈ ನೋಡಪಾ, ಇನ್ನೂ ಹಂಗ ಐತಿ," ಎಂದು ಯಾರೋ ಅಂದದ್ದು ಅವನ ಕಿವಿಗೂ ಬಿತ್ತು. ಅವನು ಟೋಪಿ ಸರಿಮಾಡಿಕೊಂಡ. ಈ ಮಾತಿಗಾಗಿಯೇ ಅವನು ವರ್ಷವಿಡೀ ಬದುಕುತ್ತಿದ್ದ ಎಂದರೂ ತಪ್ಪಿಲ್ಲ.

ತೀರ್ಪು ಕೊಡಲು ಬಂದವರು ಶೈಲಜಾ ಎಂಬ ಪಶುವೈದ್ಯೆ. ಹೊಸಬರು, ಮಾತು ಕಡಿಮೆ. ಪ್ರತಿ ಕುದುರೆಯ ಕಾಲೆತ್ತಿ ನೋಡಿ, ಮೈಮೇಲೆ ಅಂಗೈ ಎಳೆದು ಕೊಳೆ ನೋಡಿ, ಕೊನೆಗೆ ಒಂದು ಹಿಡಿ ಹಸಿಹುಲ್ಲನ್ನು ನೆಲಕ್ಕೆ ಹಾಕುತ್ತಿದ್ದರು. ಕುದುರೆ ತಲೆ ತಗ್ಗಿಸಿ ತಿನ್ನುವಾಗ ಕುತ್ತಿಗೆ ಬಾಗಿ ಜೂಲಿನ ಹೆಣಿಗೆ ಉದ್ದಕ್ಕೂ ಕಾಣುತ್ತದೆ. ಇದು ಆ ಸ್ಪರ್ಧೆಯ ಹಳೆಯ ಪದ್ಧತಿ, ಮೆಹಬೂಬಸಾಬನ ಹೆಣಿಗೆ ಗೆಲ್ಲುತ್ತಿದ್ದದ್ದೂ ಅಲ್ಲಿಯೇ.

ಹುಲ್ಲು ಬಿತ್ತು. ರೇಶ್ಮಾ ಮೂಗು ಅರಳಿಸಿತು, ತಲೆಯನ್ನು ಅರ್ಧಕ್ಕೆ ತಗ್ಗಿಸಿತು, ಬೆಂಕಿ ತಾಕಿದ ಹಾಗೆ ಮೇಲಕ್ಕೆ ಎಳೆದುಕೊಂಡಿತು. ಮತ್ತೊಮ್ಮೆ ತಗ್ಗಿಸಿತು, ಮತ್ತೆ ಎಳೆದುಕೊಂಡಿತು. ಬೆಳಗಿನಿಂದ ಹಸಿದ ಕುದುರೆ ಕಾಲಬಳಿಯ ಹುಲ್ಲನ್ನು ನೋಡುತ್ತ ಕುತ್ತಿಗೆ ಸೆಟೆಸಿ ನಿಂತಿತು. ಅದರ ಭುಜ ನಡುಗುತ್ತಿತ್ತು.

ವೈದ್ಯೆ ಹತ್ತಿರ ಬಂದು ಒಂದು ಗಂಟನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ನೋಡಿದರು. ಇನ್ನೊಂದನ್ನು ನೋಡಿದರು. ಮುಖದಲ್ಲಿ ಏನೂ ತೋರಗೊಡದೆ ಕೇಳಿದರು, "ಇದನ್ನ ಯಾರು ಹೆಣದಾರ?"

ಮೆಹಬೂಬಸಾಬನಿಗೆ ಇದು ಪ್ರತಿ ವರ್ಷ ಕೇಳುವ ಪ್ರಶ್ನೆ. ಉತ್ತರಕ್ಕೆ ಬಾಯಿ ತೆರೆಯುತ್ತಿದ್ದ. ಮೆಹರುನಬಿಗೆ ಆ ಪ್ರಶ್ನೆಯ ಹಿಂದಿನ ಧ್ವನಿ ತಿಳಿಯಿತು.

"ನಾನ್ರಿ," ಅಂದಳು.

ಅವನು ಬಾಯಿ ತೆರೆದುಕೊಂಡೇ ಮಗಳ ಕಡೆ ತಿರುಗಿದ. ಸಿಟ್ಟಿಗಿಂತ ಮೊದಲು ಅವನ ಮುಖದಲ್ಲಿ ಮೂಡಿದ್ದು ಅಚ್ಚರಿ. ತನ್ನ ಹೆಸರನ್ನು ತನ್ನ ಮಗಳೇ ಕಸಿದುಕೊಳ್ಳುತ್ತಿದ್ದಾಳೆ ಎಂದೇ ಅವನಿಗೆ ಅನಿಸಿತು, ಪಾಪ.

"ಇಷ್ಟ ಬಿಗಿತಾರೇನವಾ?" ಎಂದರು ವೈದ್ಯೆ. "ಚರ್ಮ ಎಲ್ಲಾ ಮ್ಯಾಲ ಬಂದೈತಿ. ಇಲ್ಲಿ ಎರಡ ಕಡೆ ಒಡದ ರಕ್ತ ಬಂದೈತಿ. ಈ ನೋವಿನ್ಯಾಗ ಕುತ್ತಿಗಿ ಬಗ್ಗಸೂದ ಹೆಂಗ ಅದು?"

"ಏ, ಏನ್ರಿ ಬಾಯಾರ, ಹಂಗ ಆಗೂದ ಶಕ್ಯನ ಇಲ್ಲ," ಎಂದ ಮೆಹಬೂಬಸಾಬ. "ನಾ ಒಂದೊಂದಕ್ಕೂ ಬೆರಳ ಹಾಕಿ ನೋಡೇನಿ."

"ನೀವು ಹಾಕಿದ್ದ ಬರೋಬ್ಬರಿ ಇತ್ತ ಅಬ್ಬಾ," ಎಂದಳು ಮೆಹರುನಬಿ. ಕಣ್ಣು ನೆಲ ನೋಡುತ್ತಿತ್ತು. "ನೀವು ಚಾಕ್ಕ ಹ್ವಾದಾಗ ನಾನ ಬಿಚ್ಚಿ ಮತ್ತ ಹಾಕಿದೆ. ಇನ್ನೂ ಚಂದ ಕಾಣಲೆಂತ ಬಿಗದೆ."

ಯಾವುದನ್ನು ಮಾಡಬೇಕಾಗಿತ್ತೋ ಅದನ್ನು ಮಾಡಿರಲಿಲ್ಲ, ಈಗ ಮಾಡಿದೆ ಎನ್ನುತ್ತಿದ್ದಳು. ಮೆಹಬೂಬಸಾಬ ಕುದುರೆಯ ಬಳಿ ಹೋಗಿ ಗಂಟುಗಳನ್ನು ನೋಡಿದ. ನಿಧಾನವಾಗಿ ನೋಡಿದ್ದರೆ ಅದು ತನ್ನದೇ ಹೊಲಿಗೆ ಎಂದು ಗೊತ್ತಾಗುತ್ತಿತ್ತೋ ಏನೋ. ಅವನು ನಿಧಾನವಾಗಿ ನೋಡಲಿಲ್ಲ. ಬುಡದಲ್ಲಿ ಕಂಡ ರಕ್ತದ ಹನಿ ಅವನ ಬುದ್ಧಿಯನ್ನೇ ಕಲಕಿತು. ನಂಬುವುದೇ ಸುಲಭವಾಗಿತ್ತು, ನಂಬಿದ.

"ನಿನ್ನ ಕೈ ಸೇದಿ ಹೋಗಲಿ," ಎಂದ. ಹಗ್ಗದಾಚೆಯ ಜನ ಕೇಳುತ್ತಿದ್ದರು, ಅವನಿಗೆ ಅದರ ಪರಿವೆ ಇರಲಿಲ್ಲ. "ಬಾಯಿಲ್ಲದ ಜೀವಕ್ಕ ಹಿಂಗ ಮಾಡತಾರೇನ? ಏನ್ ಮುಟ್ಟತಿ ಅದನ್ನ ಉಸರ ಕಟ್ಟೂ ಹಂಗ ಬಿಗದ ಹಿಡೀತಿ. ರಾಮದುರ್ಗದಾಗೂ ಹಿಂಗ ಬಿಗದಿರಬೇಕು. ಅದಕ್ಕ ಸಂಸಾರ ಕೈಯಾಗ ನಿಲ್ಲಲಿಲ್ಲ."

ಮೈಕಿನಲ್ಲಿ ನಿಜಗುಣಪ್ಪ ಕೆಮ್ಮಿದರು. ಮೆಹರುನಬಿ ತಲೆಯ ಮೇಲಿನ ಸೆರಗು ಎಳೆದುಕೊಂಡಳು. ಗಂಡ ಟ್ರಂಕು ಹೊರಗಿಟ್ಟ ದಿನವೂ ಅವಳಿಗೆ ಇಷ್ಟು ನಾಚಿಕೆಯಾಗಿರಲಿಲ್ಲ, ಇಷ್ಟು ನೋವೂ ಆಗಿರಲಿಲ್ಲ.

ಹಸಿರು ಪಟ್ಟಿ ಕಾಲುಗೆಜ್ಜೆಯ ಕುದುರೆಗೆ ಹೋಯಿತು.

ನಾಸಿರ ಟೆಂಪೊ ತಂದು ಬೇವಿನ ಮರದ ಬಳಿ ನಿಲ್ಲಿಸಿದಾಗ ಅವನು ಮೊದಲೇ ಹೇಳಿಕಳಿಸಿದ್ದ ಶಂಕರೆಪ್ಪನೂ ಪಕ್ಕದಲ್ಲಿದ್ದ. ದಪ್ಪ ಮೀಸೆಯ, ಸಭ್ಯ ಮನುಷ್ಯ. ಕೆಳಗಿಳಿದು ಮೆಹಬೂಬಸಾಬನಿಗೆ ಕೈಮುಗಿದ. "ಚಲೋ ನೋಡಿಕೋತೇನ್ರಿ ಸಾಹೇಬ್ರ, ನಿಮ್ಮಷ್ಟ ಅಲ್ಲಂದ್ರೂ," ಎಂದ. ಅದು ಸುಳ್ಳೆಂದು ಅವನಿಗೂ ಗೊತ್ತಿತ್ತು, ಕೇಳಿದವರಿಗೂ ಗೊತ್ತಿತ್ತು. ಗುಡ್ಡದ ಏರು ಯಾರ ಮಾತನ್ನೂ ಕೇಳುವುದಿಲ್ಲ.

ಮೆಹಬೂಬಸಾಬ ವಾದ ಮಾಡಲಿಲ್ಲ. ಆಡಿದ ಮಾತಿಗೆ ತಪ್ಪುವವನಲ್ಲ. "ಹೆರಳ ಬಿಚ್ಚಿ ಕೊಡತೇನಿ. ನಿಂದರ್ರಿ," ಎಂದಷ್ಟೇ ಅಂದ.

"ನಾ ಬಿಚ್ಚತೇನ್ರಿ ಅಬ್ಬಾ," ಎಂದು ಮೆಹರುನಬಿ ಮುಂದೆ ಬಂದಳು.

"ಮುಟ್ಟಬ್ಯಾಡ ಅಕಿನ್ನ."

ಅವಳು ಅಲ್ಲೇ ನಿಂತಳು. ಶಂಕರೆಪ್ಪ, ನಾಸಿರ ಇಬ್ಬರೂ ಟೆಂಪೊದ ನೆರಳಿಗೆ ಸರಿದು ಬೀಡಿ ಹಚ್ಚಿದರು.

ಮೆಹಬೂಬಸಾಬ ಚೀಲದಿಂದ ಅರ್ಧ ಬ್ಲೇಡು ತೆಗೆದು ಹೆಗಲ ಕಡೆಯ ಗಂಟಿನಿಂದ ಶುರುಮಾಡಿದ. ಎಡಗೈ ಬೆರಳುಗಳಿಂದ ಗಂಟು ಎತ್ತಿ ಹಿಡಿದು, ಬಲಗೈಯಿಂದ ದಾರ ಕೊಯ್ದು, ಹೆರಳು ಬಿಡಿಸುವುದು. ಬಿಚ್ಚುತ್ತ ಬಿಚ್ಚುತ್ತ ಕುದುರೆಯ ಜೊತೆ ಮಾತಾಡುತ್ತಿದ್ದ. ಯಾರ ಮನೆಗೆ ಹೋದರೂ ಮೊದಲು ನೀರು ಕುಡಿ, ಆಮೇಲೆ ಹುರುಳಿ ತಿನ್ನು ಎಂದ. ಇಳಿಜಾರಿನಲ್ಲಿ ಮುಂಗಾಲು ಊರಿ ನಡೆ ಎಂದ. ಮದುವೆಯಾಗಿ ಹೋಗುವ ಮಗಳಿಗೆ ಸಹ ಅವನು ಇಷ್ಟು ಹೇಳಿ ಕಳಿಸಿರಲಿಲ್ಲ. ಒಂದೊಂದು ಗಂಟು ಬಿಟ್ಟಂತೆಲ್ಲ ರೇಶ್ಮಾ ಉದ್ದನೆಯ ಉಸಿರು ಬಿಡುತ್ತಿತ್ತು, ತುಸು ತುಸುವೇ ಕುತ್ತಿಗೆ ಇಳಿಸುತ್ತಿತ್ತು.

ಅಷ್ಟರಲ್ಲಿ ಅವನ ಕೈ ನಿಂತಿತು.

"ಯಾ ಅಲ್ಲಾ," ಎಂದ. "ಎಷ್ಟ ರಕ್ತಾ ಬಂದೈತಿ ನೋಡ ಇಲ್ಲಿ."

ಬಿಡಿಸಿದ ಬಿಳಿ ಕೂದಲಿನ ಉದ್ದಕ್ಕೂ ಕೆಂಪು ಹರಿದಿತ್ತು. ಮೆಹಬೂಬಸಾಬ ಹೆಗಲ ವಸ್ತ್ರದಿಂದ ಅದನ್ನು ಒರೆಸಿದ. ಕಣ್ಣಲ್ಲಿ ನೀರು ಬಂತು. "ಎಂಥಾ ಕೈನ ನಿಂದು, ಕಟುಕರ ಕೈನೂ ಇದಕ್ಕಿಂತಾ ಚಲೋ," ಎಂದು ಮಗಳ ಕಡೆ ನೋಡದೆಯೇ ಬೈದ. ಒರೆಸಿದ ಜಾಗ ಮತ್ತೆ ಕೆಂಪಾಯಿತು. ಮತ್ತೆ ಒರೆಸಿದ, ಮತ್ತೆ ಕೆಂಪಾಯಿತು. ಗಾಯ ಎಲ್ಲಿದೆ ಎಂದು ಕೂದಲು ಸರಿಸಿ ಸರಿಸಿ ಹುಡುಕಿದ. ಅಲ್ಲಿ ಗಾಯವೇ ಇರಲಿಲ್ಲ. ಚರ್ಮ ಎದ್ದಿತ್ತು, ಒಡೆದಿರಲಿಲ್ಲ.

ಮೆಹರುನಬಿಗೆ ಆಗಲೇ ಕಂಡಿತ್ತು. "ಅಬ್ಬಾ, ಬ್ಲೇಡ ಇಲ್ಲಿ ಕೊಡ್ರಿ," ಎಂದಳು, ಆದಷ್ಟು ಮೆತ್ತಗೆ.

"ಮುಟ್ಟಬ್ಯಾಡ ಅಂದ್ನೆಲ್ಲ..."

ಅವನು ಎಡಗೈಯನ್ನು ಮುಖದ ಹತ್ತಿರ ತಂದು ತಿರುಗಿಸಿದ. ತೋರುಬೆರಳು ತುದಿಯಿಂದ ಎರಡನೆಯ ಗೆಣ್ಣಿನವರೆಗೆ ಸೀಳಿತ್ತು. ಅದರ ಪಕ್ಕದ ಬೆರಳಿನ ಮೇಲೂ ಒಂದು ಗೀರು. ರಕ್ತ ಮಣಿಕಟ್ಟಿಗೆ ಇಳಿದು ಅಂಗಿಯ ತೋಳು ತೊಯ್ದಿತ್ತು. ಅವನು ಬ್ಲೇಡನ್ನು ಕೆಳಗೆ ಬಿಟ್ಟ. ಬಲಗೈ ಹೆಬ್ಬೆರಳಿನಿಂದ ಆ ಗಾಯವನ್ನು ಒತ್ತಿದ. ಗಟ್ಟಿಯಾಗಿ ಒತ್ತಿದ. ರಕ್ತ ಉಕ್ಕಿತು. ಅವನ ಮುಖದಲ್ಲಿ ನೋವಿನ ಒಂದು ಗೆರೆಯೂ ಏಳಲಿಲ್ಲ. ನೋವಿಗಾಗಿ ಕಾಯುವವನಂತೆ ಇನ್ನಷ್ಟು ಒತ್ತಿ ನಿಂತ.

ಆಮೇಲೆ ಇನ್ನೂ ಬಿಚ್ಚದೆ ಉಳಿದ ಗಂಟುಗಳನ್ನು ನೋಡಿದ. ಈ ಸಲ ನಿಧಾನವಾಗಿ ನೋಡಿದ. ಒಂದರ ದಾರದ ಮೇಲೆ ಬಗ್ಗಿ, ಹೊಲಿಗೆ ಯಾವ ಕಡೆಯಿಂದ ಹೊಕ್ಕು ಯಾವ ಕಡೆಗೆ ಬಂದಿದೆ ಎಂದು ನೋಡಿದ. ಬಲಗೈಯ ಕಿರುಬೆರಳನ್ನು ಬುಡಕ್ಕಿಟ್ಟು ಒತ್ತಿದ. ಕಣ್ಣು ಮುಚ್ಚಲಿಲ್ಲ. ಉಗುರು ಮಡಚಿಕೊಂಡದ್ದನ್ನು ತೆರೆದ ಕಣ್ಣಿನಿಂದ ನೋಡಿದ.

"ಮೆಹರು," ಎಂದ. ಧ್ವನಿ ಅವನದೇ ಅಲ್ಲವೆಂಬಂತಿತ್ತು. "ನೀ ಬಿಚ್ಚಿ ಮತ್ತ ಹಾಕಿದ್ದು ಖರೇನ?"

"ಹೌದ್ರಿ."

"ಖರೇ ಹೇಳ."

"ಖರೇನ್ರಿ ಅಬ್ಬಾ. ನಾನ ಬಿಗದದ್ದು."

ಅವಳು ಕಣ್ಣು ತಪ್ಪಿಸಲಿಲ್ಲ. ಅವನೇ ತಪ್ಪಿಸಿದ. ತುಟಿ ಅಲುಗಿತು. ರಾಮದುರ್ಗದ ಆ ಮಾತನ್ನು ಮರಳಿ ನುಂಗಲು ಆಗುವುದಿದ್ದರೆ ಅವನು ಆ ಗಳಿಗೆ ಏನನ್ನಾದರೂ ಕೊಡುತ್ತಿದ್ದ.

ಟೆಂಪೊದ ಕಡೆಯಿಂದ ನಾಸಿರ, "ಆತೇನ್ರಿ ಅಬ್ಬಾ? ಅವರಿಗೆ ದೂರ ಹೋಗೂದೈತಿ," ಎಂದು ಕೂಗಿದ.

ಮೆಹಬೂಬಸಾಬ ಮಗನಿಗೆ ಬೆನ್ನು ಕಾಣುವಂತೆ ತಿರುಗಿ ನಿಂತ. ಎಡಗೈಯನ್ನು ಮಗಳ ಮುಂದೆ ಚಾಚಿದ. ಮೆಹರುನಬಿ ಸೆರಗಿನ ಅಂಚನ್ನು ಹಲ್ಲಿನಿಂದ ಹರಿದು ಆ ಬೆರಳಿಗೆ ಸುತ್ತಿದಳು. ಒಂದು ಸುತ್ತು, ಅದರ ಮೇಲೆ ಇನ್ನೊಂದು. ತುದಿಗಳನ್ನು ಎಳೆದು ಗಂಟು ಹಾಕುವಾಗ ರೂಢಿಯಿಂದ ಬಾಯಿಗೆ ಬಂದ ಮಾತು ಬಂದೇ ಬಿಟ್ಟಿತು.

"ಬಿಗಿ ಆತೇನ್ರಿ?"

ಅವನು ಉತ್ತರಕ್ಕಾಗಿ ತನ್ನ ಬೆರಳನ್ನೇ ನೋಡಿದ. ಬಟ್ಟೆಯ ಹೊರಗೆ ಉಳಿದಿದ್ದ ತುದಿ ಬೆಳ್ಳಗಾಗುತ್ತಿತ್ತು.

"ನೀನ ನೋಡವಾ," ಎಂದ.

ಅವಳು ಗಂಟನ್ನು ಸಡಿಲಿಸಿದಳು. ಉಗುರಿನ ಬುಡಕ್ಕೆ ಕೆಂಪು ತಿರುಗಿ ಬರುವವರೆಗೂ ಇಬ್ಬರೂ ಅದನ್ನೇ ನೋಡುತ್ತ, ಹೆರಳು ಅರ್ಧ ಬಿಚ್ಚಿದ ಕುದುರೆಯ ಪಕ್ಕದಲ್ಲಿ ನಿಂತರು.